ಹೇಮಾವತಿ ಸಹಿ ಹಾಕಿದ ವರದಿ

ಹೇಮಾವತಿಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಅವಳ ಅವ್ವ ಕೊಡುತ್ತಿದ್ದ ಉತ್ತರ ಒಂದೇ: "ಮಂದಿ ಮನೀಗೆ ಹೋಗಿ ಮಾತಾಡಿ ಬರತಾಳ." ಕೇಳಿದವರು ಅದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಬೆರಗಾಗುತ್ತಿದ್ದರು. ಹೇಮಾವತಿಗೆ ನಗು ಬರುತ್ತಿತ್ತು. ಆದರೆ ಇದಕ್ಕಿಂತ ಸರಿಯಾಗಿ ಹೇಳುವುದು ಹೇಗೆಂದು ಅವಳಿಗೂ ತಿಳಿದಿರಲಿಲ್ಲ.

ಅವಳು ಹುಟ್ಟಿದ್ದು ಕಂಪ್ಲಿಯಲ್ಲಿ. ಅವ್ವ ಭತ್ತದ ನಾಟಿಗೆ ಹೋಗುವ ಕೂಲಿ. ಅಪ್ಪ ನಡುವಯಸ್ಸಿನಲ್ಲಿ ಬುದ್ಧನ ದಾರಿ ಹಿಡಿದು, ಮಗಳನ್ನು ಹಾಸ್ಟೆಲ್ಲಿಗೆ ಹಾಕಿ, ಓದು ಒಂದನ್ನು ಬಿಟ್ಟು ಬೇರೆ ಏನನ್ನೂ ಅವಳಿಂದ ಕೇಳದೆ ತೀರಿಹೋದವನು. ಅವಳು ಬಳ್ಳಾರಿಯಲ್ಲಿ ಸಮಾಜಕಾರ್ಯ ಓದಿದಳು. ಆಮೇಲೆ ಹೊಸಪೇಟೆಯ 'ಹೆಗಲು' ಎಂಬ ಸಂಸ್ಥೆಗೆ ಸೇರಿ ಹನ್ನೊಂದು ವರ್ಷ ಕಳೆದಿತ್ತು. ಮದುವೆಯಾಗಿರಲಿಲ್ಲ. ಚಿತ್ತವಾಡ್ಗಿಯ ಬಾಡಿಗೆ ಮನೆಯಲ್ಲಿ ಅವ್ವನೂ ಅವಳೂ ಇದ್ದರು. ಸಂಸ್ಥೆಯ ಆಫೀಸು ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿತ್ತು. ಮನೆಯಲ್ಲಿ ಪೆಟ್ಟು ತಿಂದ ಹೆಂಗಸರು, ಶಾಲೆ ಬಿಟ್ಟ ಹುಡುಗಿಯರು, ಮನಸ್ಸಿನ ಕಾಯಿಲೆಯಾಗಿ ಮನೆಯವರಿಗೆ ಬೇಡವಾದವರು ಆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಬರಲಾಗದವರ ಮನೆಗೆ ಹೇಮಾವತಿಯೇ ಹೋಗುತ್ತಿದ್ದಳು.

ಅವಳು ಭಯದ ಹೆಂಗಸು. ಮನೆ ಬಿಡುವ ಮುಂಚೆ ಗ್ಯಾಸು ಆರಿಸಿದೆಯೇ ಎಂದು ಮೂರು ಸಲ ನೋಡುವವಳು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಕಮಲಾಪುರದ ಒಂದು ಮನೆಗೆ ಹೋಗಿದ್ದಳು. ಗಂಡ ಹೆಂಡತಿ ಇಬ್ಬರೂ ನಗುನಗುತ್ತಾ ಮಾತಾಡಿಸಿ ಚಹಾ ಕೊಟ್ಟಿದ್ದರು. ವರದಿಯಲ್ಲಿ ಅವಳು 'ಪರಿಸ್ಥಿತಿ ಸಮಾಧಾನಕರ' ಎಂದು ಬರೆದಳು. ಎರಡು ವಾರಕ್ಕೆ ಆ ಹೆಂಗಸನ್ನು ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆಗೆ ತಂದರು. ಜೀವ ಉಳಿಯಿತು. ಹೇಮಾವತಿ ಆ ಮಾತನ್ನು ಮತ್ತೆ ಯಾವ ವರದಿಯಲ್ಲೂ ಬರೆಯಲಿಲ್ಲ. ಸಂಸ್ಥೆಯ ಮುಖ್ಯಸ್ಥ ಬಸವರಾಜ್ ಅವಳ ಅಂಜಿಕೆಯನ್ನು ಒಳ್ಳೆಯ ಗುಣವೆಂದೇ ಎಣಿಸಿ, ಕಷ್ಟದ ಕೇಸುಗಳನ್ನೆಲ್ಲ ಅವಳಿಗೇ ಕೊಡುತ್ತಿದ್ದರು. ಜಂಬವ್ವನ ಕೇಸು ಅವಳ ಕೈಗೆ ಬಂದದ್ದೂ ಹಾಗೆಯೇ.

ಜಂಬವ್ವನಿಗೆ ಇಪ್ಪತ್ತಮೂರು ವರ್ಷ. ಸಂಡೂರಿನ ಆಚೆ, ಅದಿರಿನ ಲಾರಿಗಳು ಹಗಲೆಲ್ಲ ಸಾಲುಗಟ್ಟಿ ಓಡಾಡುವ ರಸ್ತೆಯ ಪಕ್ಕದ ಹಳ್ಳಿ ಅವಳದು. ಹೆಣ್ಣು ಕೂಸು ಹೆತ್ತ ಹನ್ನೆರಡನೆಯ ದಿನದಿಂದ ಅವಳಿಗೆ ನಿದ್ದೆ ಹತ್ತಲಿಲ್ಲ. ಗೋಡೆಯೊಳಗಿಂದ ಯಾರೋ ಮಾತಾಡುತ್ತಾರೆ ಎನ್ನತೊಡಗಿದಳು. ಒಂದು ಬೆಳಿಗ್ಗೆ ಕೂಸನ್ನು ಎದೆಗವಚಿಕೊಂಡು ಲಾರಿ ರಸ್ತೆಯ ನಟ್ಟನಡುವೆ ಹೋಗಿ ನಿಂತಳು. ಊರಿನ ಆಶಾ ಕಾರ್ಯಕರ್ತೆ ತಿಪ್ಪಕ್ಕ ಓಡಿಹೋಗಿ ರಟ್ಟೆ ಹಿಡಿದು ಎಳೆದದ್ದರಿಂದ ಇಬ್ಬರೂ ಉಳಿದರು. ಇದನ್ನೆಲ್ಲ ಕಂಡ ಗಂಡ, ಲಾರಿ ಡ್ರೈವರು, ಗೋವಾ ಕಡೆ ಹೋದವನು ಮತ್ತೆ ಫೋನು ಎತ್ತಲಿಲ್ಲ. ಜಂಬವ್ವ ಆಸ್ಪತ್ರೆ ಸೇರಿದಳು. ನೋಡಿಕೊಳ್ಳುವವರಿಲ್ಲದ ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಯವರು ಹೊಸಪೇಟೆಯ ಒಂದು ಶಿಶುಗೃಹಕ್ಕೆ ಕಳಿಸಿದರು.

ಎರಡು ತಿಂಗಳಿಗೆ ಜಂಬವ್ವ ಮೊದಲಿನಂತಾದಳು. ಬಾಣಂತಿಯರಿಗೆ ಹೀಗಾಗುವುದುಂಟು, ಗುಳಿಗೆ ತಪ್ಪದೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ, ಆದರೆ ಒಂದು ವರ್ಷವಾದರೂ ನಿಲ್ಲಿಸಬಾರದು ಎಂದು ಡಾಕ್ಟರು ಹೇಳಿದರು. ಅವಳು ಪ್ರತಿ ವಾರ ಎರಡು ಬಸ್ಸು ಬದಲಿಸಿ ಶಿಶುಗೃಹಕ್ಕೆ ಬಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎರಡು ಗಂಟೆ ಕೂರುತ್ತಿದ್ದಳು. ಹೊರಡುವಾಗ ಹಿಂತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಹೋಗಲಾಗುವುದಿಲ್ಲ ಎಂದು ಹೇಮಾವತಿಗೆ ಒಮ್ಮೆ ಹೇಳಿದ್ದಳು.

ಕೂಸನ್ನು ತಾಯಿಗೆ ಕೊಡಬೇಕೋ ಬೇಡವೋ ಎಂದು ಮಾತಾಡಲು ಎಲ್ಲರೂ 'ಹೆಗಲು' ಆಫೀಸಿನಲ್ಲಿ ಸೇರಿದರು. ಶಿಶುಗೃಹದ ಪರವಾಗಿ ಬಂದವನು ಅಲ್ಲಿನ ಸಮಾಜ ಕಾರ್ಯಕರ್ತ ಮನೋಹರ್. ಹೇಮಾವತಿಗಿಂತ ಐದಾರು ವರ್ಷ ಚಿಕ್ಕವನು, ಮಿತಭಾಷಿ, ಪ್ರತಿ ಮಾತಿಗೂ ಕಾಗದ ಕೇಳುವವನು. ಕಾಗದಕ್ಕಿಂತ ಮನುಷ್ಯರು ದೊಡ್ಡವರು ಎಂಬುದು ಅವನಿಗೆ ಗೊತ್ತಿಲ್ಲ ಎಂದು ಹೇಮಾವತಿ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಇನ್ನೂ ಆರು ತಿಂಗಳು ಕೂಸು ತಮ್ಮಲ್ಲೇ ಇರಲಿ ಎಂದು ಅವನು ಹಟ ಹಿಡಿದ.

"ಅಕ್ಕಾರ, ನಿಮ್ಮ ಕೆಲಸ ತಾಯಿದು, ನಂದು ಕೂಸಿಂದು. ಎರಡೂ ಒಂದ ಅಂತ ತಿಳ್ಕೊಂಡ್ರ ತಪ್ಪಾಗತೈತ್ರಿ" ಎಂದ.

"ಬ್ಯಾರೆ ಬ್ಯಾರೆ ಅಂತ ತಿಳ್ಕೊಂಡ್ರೂ ತಪ್ಪಾಗತೈತ್ರಿ" ಎಂದಳು ಹೇಮಾವತಿ.

ಕೊನೆಗೆ ಬಸವರಾಜ್ ನಿರ್ಧಾರವನ್ನು ಅವಳಿಗೇ ಬಿಟ್ಟರು. ಅವಳು ನಾಲ್ಕು ಪುಟದ ವರದಿ ಬರೆದಳು. ಕಂಪ್ಲಿಯಲ್ಲಿ ಜಂಬವ್ವನ ಚಿಗವ್ವ, ಅವ್ವನ ತಂಗಿ ಉಚ್ಚಂಗೆಮ್ಮ ಇದ್ದಾಳೆ, ಗಟ್ಟಿ ಹೆಂಗಸು, ತಾಯಿ ಮಗು ಇಬ್ಬರನ್ನೂ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದಾಳೆ. ಗುಳಿಗೆಯನ್ನು ಚಿಗವ್ವನೇ ಕೈಯಾರೆ ಕೊಡುತ್ತಾಳೆ. ಅಲ್ಲಿನ ಆಶಾ ವಾರಕ್ಕೊಮ್ಮೆ ನೋಡುತ್ತಾಳೆ. ತಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಹೀಗೆಲ್ಲ ಬರೆದು ಕೆಳಗೆ ಸಹಿ ಹಾಕಿದಳು. ಸಮಿತಿ ಒಪ್ಪಿತು. ಹೊಣೆ ಹೇಮಾವತಿಯದು ಎಂದು ಆದೇಶದಲ್ಲಿ ಅವಳ ಹೆಸರನ್ನೇ ಬರೆಯಿತು.

ತಿಪ್ಪಕ್ಕ ಒಂದು ತಿಂಗಳಿಗಾಗುವಷ್ಟು ಗುಳಿಗೆ ಕಟ್ಟಿಕೊಟ್ಟಳು. ಕೂಸಿನ ಬೆನ್ನು ಸವರಿ, ಇನ್ನು ನಿನ್ನನ್ನು ನೋಡಿಕೊಳ್ಳುವ ಆಶಾ ಬೇರೆ ಎಂದು ಕಣ್ಣೊರೆಸಿಕೊಂಡಳು. ಮುಂದಿನ ಗುಳಿಗೆಗಾಗಿ, ಕಂಪ್ಲಿಯಲ್ಲಿ ಉಚ್ಚಂಗೆಮ್ಮನ ಓಣಿಗೆ ಸೇರಿದ ಆರೋಗ್ಯ ಕೇಂದ್ರಕ್ಕೆ ಹೇಮಾವತಿ ಪತ್ರ ಕಳಿಸಿದಳು. ಮುಟ್ಟಿತು ಎಂಬ ಮೊಹರು ಬಿದ್ದ ನಕಲು ವಾಪಸು ಬಂತು. ಅದನ್ನು ಫೈಲಿಗೆ ಹಚ್ಚಿ, 'ವರ್ಗಾವಣೆ ಪೂರ್ಣ' ಎಂದು ಬರೆದಳು. ಆ ವಾರ ಅವಳ ಮೇಜಿನ ಮೇಲೆ ಇನ್ನೂ ಹದಿನಾಲ್ಕು ಫೈಲುಗಳಿದ್ದವು.

ಮೊದಲೆರಡು ಭೇಟಿ ಚೆನ್ನಾಗಿಯೇ ಆದವು. ಕೂಸು ತೂಕ ಹಿಡಿದಿತ್ತು. ಜಂಬವ್ವ ತಲೆ ಬಾಚಿ ಹೂ ಮುಡಿದಿದ್ದಳು. ಎರಡನೆಯ ಸಲ ಹೇಮಾವತಿ ಗುಳಿಗೆ ಎಣಿಸಿದಾಗ ಇನ್ನೂ ಆರು ಉಳಿದಿದ್ದವು. ಆಶಾ ತಂದುಕೊಡುತ್ತಾಳೆ ಎಂದು ಹೇಳಿ ಬಂದಳು.

ಅದಾಗಿ ಹದಿಮೂರನೆಯ ದಿನ, ಮಂಗಳವಾರ. ಬೆಳಿಗ್ಗೆ ಎಂಟೂವರೆಗೆ ರೊಟ್ಟಿ ಬಡಿಯುತ್ತಿದ್ದ ಹೇಮಾವತಿಯ ಕೈ ನಿಂತುಬಿಟ್ಟಿತು. ಹೊಸ ಗುಳಿಗೆ ಬಂದವೇ ಎಂದು ತಾನು ಕೇಳಲೇ ಇಲ್ಲವಲ್ಲ ಎಂದು ನೆನಪಾಯಿತು. ಹಿಟ್ಟಿನ ಕೈಯಲ್ಲೇ ಜಂಬವ್ವನಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಉಚ್ಚಂಗೆಮ್ಮನಿಗೆ ಫೋನಿರಲಿಲ್ಲ. ಆರೋಗ್ಯ ಕೇಂದ್ರಕ್ಕೆ ಹಚ್ಚಿದಳು. ಎತ್ತಿದವಳು ಸುಮಾರು ಹೊತ್ತು ಹುಡುಕಿ ಬಂದು, ಆ ಓಣಿಗೆ ಎರಡು ತಿಂಗಳಿಂದ ಆಶಾ ಇಲ್ಲ, ನಿಮ್ಮ ಪತ್ರ ಫೈಲಿನಲ್ಲಿ ಭದ್ರವಾಗಿದೆ ಎಂದಳು.

ಹೇಮಾವತಿ ದಿನಕ್ಕೊಂದರಂತೆ ಲೆಕ್ಕ ಹಾಕಿದಳು. ಆರು ಗುಳಿಗೆ, ಹದಿಮೂರು ದಿನ. ಅಂದರೆ ಒಂದು ವಾರದಿಂದ ಜಂಬವ್ವ ಗುಳಿಗೆ ಇಲ್ಲದೆ ಇದ್ದಾಳೆ, ಪಕ್ಕದಲ್ಲಿ ಐದು ತಿಂಗಳ ಕೂಸು. ಒಲೆ ಆರಿಸಿದಳು. ಅವ್ವ ಉಂಡು ಹೋಗು ಎಂದದ್ದು ಕಿವಿಗೆ ಬಿದ್ದರೂ ನಿಲ್ಲದೆ ನಿಲ್ದಾಣಕ್ಕೆ ಹೋಗಿ, ಹೊರಡುತ್ತಿದ್ದ ಕಂಪ್ಲಿ ಬಸ್ಸನ್ನು ಓಡಿ ಹತ್ತಿದಳು.

ಕಮಲಾಪುರ ದಾಟಿ ಬಾಳೆತೋಟಗಳ ನಡುವೆ ಬಸ್ಸು ಹೋಗುವಾಗ ಮತ್ತೆ ಮತ್ತೆ ಫೋನು ಹಚ್ಚಿದಳು. ಪ್ರತಿ ಸಲವೂ ಅದೇ ಧ್ವನಿ, ಅದೇ ಮಾತು. ಪಕ್ಕದಲ್ಲಿ ಕೂತ ಮುದುಕಿ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇನವ್ವ ಎಂದು ಕೇಳಿದಳು. ಹೌದು ಎಂದು ಹೇಮಾವತಿ ತಲೆಯಾಡಿಸಿದಳು.

ಉಚ್ಚಂಗೆಮ್ಮನ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ಕೂತು ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಹೇಳಿದಳು: ಉಚ್ಚಂಗೆಮ್ಮ ನಸುಕಿನಲ್ಲೇ ಕೂಲಿಯವರ ಗಾಡಿ ಹತ್ತಿ ಹೊಳೆಯ ಆಚೆಗೆ ನಾಟಿಗೆ ಹೋಗಿದ್ದಾಳೆ, ಜಂಬವ್ವ ಏಳು ಗಂಟೆ ಸುಮಾರಿಗೆ ಕೂಸನ್ನು ಎತ್ತಿಕೊಂಡು ಹೋದಳು.

"ಎಲ್ಲಿಗೆ ಅಂತ ಕೇಳಿದ್ರೇನ್ರಿ?"

"ಕೇಳಿದ್ನೆವಾ. ಮಾತಾಡಲಿಲ್ಲ. ತನ್ನಷ್ಟಕ್ಕ ತಾನ ಏನೋ ಅಂದ್ಕೊಂತ ಹೋದ್ಲು."

ಕಿಟಕಿಯ ಸಂದಿಯಲ್ಲಿ ಹೇಮಾವತಿ ಇಣುಕಿದಳು. ಗೂಡಿನಲ್ಲಿ ಗುಳಿಗೆಯ ಖಾಲಿ ಹಾಳೆಗಳು, ಒಂದರ ಮೇಲೊಂದು ನೀಟಾಗಿ ಜೋಡಿಸಿಟ್ಟಂತೆ ಇದ್ದವು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನಿಯಮವಿತ್ತು. ಮಗು ಕಾಣದಿದ್ದರೆ ತಕ್ಷಣ ಸಮಿತಿಗೂ ಪೊಲೀಸರಿಗೂ ತಿಳಿಸಬೇಕು. ಹೊಸಬರಿಗೆ ತರಬೇತಿ ಕೊಡುವಾಗ ಅದನ್ನು ಹೇಮಾವತಿಯೇ ಹೇಳಿಕೊಡುತ್ತಿದ್ದಳು. ಈಗ ಫೋನು ಕೈಯಲ್ಲಿ ಹಿಡಿದು ಅವಳು ಹೊಳೆಯ ಕಡೆ ನಡೆದಳು. ತಿಳಿಸಿದರೆ ಕೂಸು ಜಂಬವ್ವನ ಕೈ ಬಿಟ್ಟುಹೋಗುತ್ತದೆ, ಮತ್ತೆ ಸಿಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಕೆಳಗೆ ದಡದಲ್ಲಿ ಹರಿಗೋಲು ಮಗುಚಿ ಹಾಕಿಕೊಂಡು ಕೂತವನ ಬಳಿ ಹೋಗಿ, ಕೂಸು ಎತ್ತಿಕೊಂಡ ಹೆಂಗಸು ಈ ಕಡೆ ಬಂದಿದ್ದಳೇ ಎಂದು ಕೇಳಿದಳು. ಅವನು ಇವಳ ಮುಖವನ್ನು ಒಂದು ಗಳಿಗೆ ನೋಡಿ, ಬೆಳಿಗ್ಗೆಯಿಂದ ಇಲ್ಲೇ ಇದ್ದೇನೆ, ಯಾರೂ ಬಂದಿಲ್ಲ, ನೀವು ಕುಂದ್ರಿ ಎಂದ.

ಅವಳು ಕಲ್ಲಿನ ಮೇಲೆ ಕೂತಳು. ಅಲ್ಲಿ ಕೂತಾಗಲೇ ತಾನು ಮಾಡುತ್ತಿರುವುದು ಏನೆಂದು ಅವಳಿಗೆ ಕಂಡದ್ದು. ಜಂಬವ್ವನನ್ನು ಉಳಿಸಲು ಸುಮ್ಮನಿದ್ದೇನೆ ಎಂದುಕೊಂಡದ್ದು ಅರ್ಧ ಮಾತ್ರ ನಿಜ. ಉಳಿದರ್ಧ ಆ ನಾಲ್ಕು ಪುಟದ ಕೆಳಗಿನ ಸಹಿ. ಏನಾಗಿದೆಯೋ ಅದನ್ನು ಎಲ್ಲರಿಗಿಂತ ಮೊದಲು ತಾನೊಬ್ಬಳೇ ತಿಳಿಯಬೇಕು ಎಂದು ಹೊಳೆದಂಡೆಗೆ ಬಂದಿದ್ದಳು. ಬೀಗ ಕಂಡು ಆಗಲೇ ಅರ್ಧ ಗಂಟೆಯಾಗಿತ್ತು.

ಅವಳು ಫೋನು ಹಚ್ಚಿದ್ದು ಮನೋಹರ್‌ಗೆ. ತನ್ನನ್ನು ಸಮಾಧಾನ ಮಾಡದವನು ಬೇಕಾಗಿತ್ತೋ ಏನೋ.

"ಮನೋಹರ್, ಮನೀಗೆ ಬೀಗ ಬಿದ್ದೈತ್ರಿ. ತಾಯಿ ಕೂಸು ಇಬ್ರೂ ಇಲ್ಲ. ಒಂದು ವಾರದಿಂದ ಗುಳಿಗಿ ಇಲ್ಲ ಆಕಿಗೆ. ನಾನು ಪತ್ರ ಕೊಟ್ಟು ಸುಮ್ಮನಾಗಿದ್ದೆ."

ನಾನು ಮೊದಲೇ ಹೇಳಿದ್ದೆ ಎಂಬ ಮಾತಿಗಾಗಿ ಅವಳು ಕಾದಳು. ಅದು ಬರಲಿಲ್ಲ. ಎಷ್ಟು ಹೊತ್ತಿಗೆ ಹೊರಟಳು, ಯಾವ ಬಣ್ಣದ ಸೀರೆ, ಕೈಯಲ್ಲಿ ಚೀಲ ಇತ್ತೇ ಎಂದು ಅವನು ಕೇಳಿದ. ಹೇಮಾವತಿ ಓಣಿಗೆ ವಾಪಸು ಓಡಿ, ಪಕ್ಕದ ಮನೆಯ ಹೆಂಗಸನ್ನು ಕೇಳಿ ತಿಳಿಸಿದಳು. ಹಸಿರು ಸೀರೆ, ಆಸ್ಪತ್ರೆಯ ಕಾಗದ ಇಡುವ ಪ್ಲಾಸ್ಟಿಕ್ ಚೀಲ.

"ಸಮಿತಿಗೂ ಠಾಣೆಗೂ ಈಗ ತಿಳಿಸಬೇಕು ಅಕ್ಕಾರ. ನೀವೊಬ್ರ ಬ್ಯಾಡ. ಇಬ್ರೂ ಕೂಡಿ ಹೇಳೋಣ" ಎಂದ ಮನೋಹರ್. ಆಮೇಲೆ, "ಇವತ್ತು ಮಂಗಳವಾರ ಅಲ್ರಿ? ಸಂಡೂರಿಗೆ ಮನಸ್ಸಿನ ಡಾಕ್ಟರ್ ಬರೋ ದಿನ. ಕಾಗದದ ಚೀಲ ತಗೊಂಡು ಹೋಗ್ಯಾಳ ಅಂದ್ರ..." ಎಂದ.

ಇಬ್ಬರೂ ಮೇಲಿಂದ ಮೇಲೆ ಫೋನು ಮಾಡಿ ತಿಳಿಸಬೇಕಾದವರಿಗೆ ತಿಳಿಸಿದರು. ಆಮೇಲೆ ಹೇಮಾವತಿ ತಿಪ್ಪಕ್ಕನಿಗೆ ಹಚ್ಚಿದಳು. ತಿಪ್ಪಕ್ಕ ಬೇರೊಬ್ಬ ಬಸುರಿಯನ್ನು ಕರೆದುಕೊಂಡು ಸಂಡೂರಿನ ಆಸ್ಪತ್ರೆಯಲ್ಲೇ ಇದ್ದಳು. ಪ್ರತಿ ಬೆಂಚಿನ ಬಳಿ ಹೋಗಿ ನೋಡಿ ಬಂದು, ಇಲ್ಲಿ ಬಂದಿಲ್ಲ ಎಂದಳು. ಗುಳಿಗೆ ಮುಗಿದದ್ದನ್ನು ತನಗೊಂದು ಮಾತು ಹೇಳಿದ್ದರೆ ತಾನೇ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೆನಲ್ಲ ಎಂದಳು.

ಏಳಕ್ಕೆ ಹೊರಟವಳು ಹತ್ತೂವರೆಯೊಳಗೆ ಸಂಡೂರಿನಲ್ಲಿ ಇರಬೇಕಿತ್ತು. ಆಗ ಹನ್ನೊಂದೂ ಮುಕ್ಕಾಲು. ಸಂಡೂರಿಗೆ ಹೋಗುವವರು ಬಸ್ಸು ಬದಲಿಸುವುದು ಹೊಸಪೇಟೆಯಲ್ಲಿ. ಮನೋಹರ್ ತಾನು ನಿಲ್ದಾಣ ನೋಡುತ್ತೇನೆಂದು ಬೈಕು ಹತ್ತಿದ. ಹೇಮಾವತಿ ಬಂದ ದಾರಿಯಲ್ಲೇ ವಾಪಸು ಹೊರಟಳು.

ಬಸ್ಸಿನ ಆ ಪ್ರಯಾಣವನ್ನು ಅವಳು ಇಂದಿಗೂ ಮರೆತಿಲ್ಲ. ಕಾಲುವೆ ಕಂಡಾಗಲೆಲ್ಲ ಕಣ್ಣು ನೀರಿನ ಮೇಲೆ ಹೋಗುತ್ತಿತ್ತು. ಹಸಿರು ಏನು ಕಂಡರೂ ಕಿಟಕಿಯ ಆಚೆ ಬಾಗಿ ನೋಡುತ್ತಿದ್ದಳು. ರಸ್ತೆಯಲ್ಲಿ ಕುರಿ ಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಕಂಡಕ್ಟರು ಇಳಿದು ಕುರಿಯವನೊಂದಿಗೆ ನಗುತ್ತಾ ಮಾತಾಡತೊಡಗಿದ. ಆಗ ಫೋನು ಬಂತು.

ಜಂಬವ್ವ ಸಿಕ್ಕಿದ್ದಳು. ನಿಲ್ದಾಣದಲ್ಲಿ ತಾಯಂದಿರು ಮಕ್ಕಳಿಗೆ ಹಾಲು ಕುಡಿಸಲೆಂದು ಮಾಡಿದ ಒಂದು ಸಣ್ಣ ಕೋಣೆಯಿದೆ. ಅದರೊಳಗೆ ಹೋಗಿ ಚಿಲಕ ಹಾಕಿಕೊಂಡವಳು ಒಂಬತ್ತು ಗಂಟೆಯಿಂದ ಬಾಗಿಲು ತೆರೆದಿಲ್ಲ. ನಿಲ್ದಾಣ ಗುಡಿಸುವ ಎರ್ರೆಮ್ಮ ಎಂಬಾಕೆ ಅದನ್ನು ಗಮನಿಸಿ, ಬಾಗಿಲ ಹೊರಗೇ ಕೂತಿದ್ದಾಳೆ. ಕೂಸು ಬಹಳ ಹೊತ್ತು ಅತ್ತು, ಈಗ ಅರ್ಧ ಗಂಟೆಯಿಂದ ಸದ್ದಿಲ್ಲ. ಸುತ್ತ ಜನ ಸೇರಿದ್ದಾರೆ, ಬಾಗಿಲು ಒಡೆಯಿರಿ ಎನ್ನುತ್ತಿದ್ದಾರೆ. ಇಷ್ಟನ್ನು ಮನೋಹರ್ ಒಂದೇ ಉಸಿರಿನಲ್ಲಿ ಹೇಳಿದ.

"ಒಡೆಯೋದು ಬ್ಯಾಡ್ರಿ. ಆಕಿ ಅಂಜಿ ಏನಾರ ಮಾಡ್ಕೊಂಡಾಳು" ಎಂದಳು ಹೇಮಾವತಿ.

"ಕೂಸಿನ ಸಪ್ಪಳ ನಿಂತೈತ್ರಿ ಅಕ್ಕಾರ. ನಾನು ಎಷ್ಟೊತ್ತು ಕಾಯಲಿ?"

ಕಾಯಿರಿ ಎಂದರೂ ಒಂದು ಜೀವ, ಒಡೆಯಿರಿ ಎಂದರೂ ಒಂದು ಜೀವ. ಕೂಸಿನ ಕೆಲಸ ನಿಮ್ಮದೆಂದು ನೀವೇ ಹೇಳಿದ್ದಿರಿ, ನೀವೇ ನೋಡಿರಿ ಎಂದು ತಪ್ಪಿಸಿಕೊಳ್ಳುವ ಮಾತು ಬಾಯಿಯ ತನಕ ಬಂತು. ಅದನ್ನು ನುಂಗಿಕೊಂಡಳು. ಒಳಗೆ ಇಣುಕಲು ಏನಾದರೂ ಇದೆಯೇ ಎಂದು ಎರ್ರೆಮ್ಮನನ್ನು ಕೇಳಿ ಎಂದಳು. ಫೋನಿನಲ್ಲಿ ಏನೇನೋ ಗದ್ದಲ, ಸ್ಟೂಲು ಎಳೆದ ಸದ್ದು, ಯಾರೋ ಕೆಮ್ಮಿದ್ದು. ಆ ಒಂದೆರಡು ನಿಮಿಷ ಹೇಮಾವತಿ ಮುಂದಿನ ಸೀಟಿನ ಸರಳನ್ನು ಹಿಡಿದುಕೊಂಡೇ ಇದ್ದಳು. ಆಮೇಲೆ ದೂರದಿಂದ ಎರ್ರೆಮ್ಮನ ಧ್ವನಿ ಕೇಳಿತು:

"ಕೂಸು ಕಟ್ಟಿ ಮ್ಯಾಲ ಅದ. ಕಾಲು ಆಡಸಾಕ ಹತ್ತೈತಿ. ತಾಯಿ ಆ ಮೂಲ್ಯಾಗ ಕುಂತಾಳ, ದೂರ. ಮುಖ ಮುಚ್ಚಿಕೊಂಡಾಳ."

"ಹಂಗಾರ ಕಾಯತೀನ್ರಿ" ಎಂದ ಮನೋಹರ್. "ಜಲ್ದಿ ಬರ್ರಿ."

ಅವನು ಜನರನ್ನು ದೂರ ಕಳಿಸಿ, ಬಂದ ಪೊಲೀಸಿನವರಿಗೆ ಕೈಮುಗಿದು ಮರೆಯಲ್ಲಿ ನಿಲ್ಲಿಸಿದ. ಎರ್ರೆಮ್ಮ ಸ್ಟೂಲಿನ ಮೇಲೆ ನಿಂತೇ ಇದ್ದಳು, ಗೋಡೆಯ ಮೇಲ್ಭಾಗದ ಗವಾಕ್ಷಿಯಿಂದ ಕಣ್ಣು ಕದಲಿಸಲಿಲ್ಲ. ಹೇಮಾವತಿ ಬಂದಾಗ ಮನೋಹರ್ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದ. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅವಳೂ ಅವನ ಪಕ್ಕದಲ್ಲೇ ಕೂತಳು.

ಅವಳು ಬಾಗಿಲು ಬಡಿಯಲಿಲ್ಲ. ಸಂದಿಗೆ ಬಾಯಿ ಹಚ್ಚಿ, "ಜಂಬವ್ವ, ನಾನವ್ವಾ, ಹೇಮಕ್ಕ" ಎಂದಳು. ತಪ್ಪು ನನ್ನದು, ಗುಳಿಗೆ ಬಂದಿದೆಯೋ ಇಲ್ಲವೋ ಕೇಳಲಿಲ್ಲ, ನಿನ್ನದೇನೂ ತಪ್ಪಿಲ್ಲ ಎಂದು ಹೇಳಿದಳು. ಕೂಸಿಗೆ ಹಸಿವಾಗಿರಬೇಕು ಎಂದಳು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಬಸ್ಸುಗಳು ಬಂದವು, ಹೋದವು. ಹತ್ತು ನಿಮಿಷವಾದ ಮೇಲೆ ಒಳಗಿಂದ, ಬಹಳ ಹತ್ತಿರದಿಂದ, ಧ್ವನಿ ಬಂತು.

"ಕೂಸಿಗೆ ಏನೂ ಮಾಡಿಲ್ಲಕ್ಕ ನಾನು."

"ಗೊತ್ತೈತವ್ವಾ."

"ಬಸ್ಸಿನ್ಯಾಗ ಮತ್ತ ಆ ಮಾತು ಸುರುವಾತು. ಎಲ್ಲಾರೂ ಕೂಸನ್ನ ನೋಡಾಕ ಹತ್ತಿದ್ರು. ನನ್ನ ಕೈ ಮ್ಯಾಲ ನನಗ ನಂಬಿಕಿ ಹೋತು. ಅದಕ್ಕ ಅದನ್ನ ಅಲ್ಲಿ ಇಟ್ಟು ನಾನು ಇಲ್ಲಿ ಕುಂತೀನಿ. ಮುಟ್ಟಿಲ್ಲ. ಅತ್ರೂ ಮುಟ್ಟಿಲ್ಲ."

ಹೇಮಾವತಿ ಸಂದಿಯ ಕಡೆ ತಿರುಗಿದಳು. ಒಳಗೆ ಯಾರನ್ನು ಬಿಡಬೇಕು, ನೀನೇ ಹೇಳು ಎಂದಳು. ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆಯಿತು. ಜಂಬವ್ವ ಹೇಮಾವತಿಯನ್ನು ದಾಟಿ ಮನೋಹರ್‌ನನ್ನು ನೋಡಿದಳು. ವಾರವಾರ ಶಿಶುಗೃಹದಲ್ಲಿ ಅವನು ಕೂಸಿಗೆ ಬಾಟಲಿ ಹಿಡಿಯುವುದನ್ನು ಅವಳು ಕಂಡಿದ್ದಳು.

"ಅಣ್ಣಾ, ನೀವು ಎತ್ಕೊಳ್ರಿ. ನನಗ ಗುಳಿಗಿ ಬೇಕು" ಎಂದಳು.

ಕೂಸು ನೆನೆದಿತ್ತು, ಅತ್ತು ಅತ್ತು ಗಂಟಲು ಕಟ್ಟಿತ್ತು. ಬೇರೇನೂ ಆಗಿರಲಿಲ್ಲ. ಎರ್ರೆಮ್ಮ ಅದನ್ನು ಒರೆಸಿ ತನ್ನ ಸೆರಗಿನಲ್ಲಿ ಸುತ್ತಿದಳು. ಶಿಶುಗೃಹದ ವ್ಯಾನು ತರಿಸಿ ಎಲ್ಲರೂ ಸಂಡೂರಿಗೆ ಹೋದರು. ತಿಪ್ಪಕ್ಕ ಡಾಕ್ಟರ ಬಾಗಿಲಲ್ಲಿ ನಿಂತು ಅವರನ್ನು ಹೋಗದಂತೆ ಹಿಡಿದಿಟ್ಟಿದ್ದಳು. ಜಂಬವ್ವ ಎರಡು ವಾರ ಬಳ್ಳಾರಿಯ ಆಸ್ಪತ್ರೆಯಲ್ಲಿ ಇರಬೇಕೆಂದು ಡಾಕ್ಟರು ಬರೆದರು. ಕೂಸು ಶಿಶುಗೃಹಕ್ಕೆ ಮರಳಿತು. ಸಂಜೆ ಗದ್ದೆಯಿಂದ ಬಂದ ಉಚ್ಚಂಗೆಮ್ಮ ವಿಷಯ ತಿಳಿದು, ಗುಳಿಗೆ ಮುಗಿದಿವೆ ಎಂದು ಆ ಕೇಂದ್ರಕ್ಕೆ ಎರಡು ಸಲ ಹೋಗಿ ಹೇಳಿದ್ದೆ, ಆಶಾ ಬರುತ್ತಾಳೆ ಎಂದು ಕಳಿಸಿದರು ಎಂದು ತಲೆ ಚಚ್ಚಿಕೊಂಡಳು.

ಮರುದಿನ ವರದಿ ಬರೆಯಬೇಕಾಯಿತು. ಆರೋಗ್ಯ ಕೇಂದ್ರದಿಂದ ವಿಳಂಬವಾಗಿದೆ ಎಂದು ಬರೆದರೆ ಸಾಕು, ಅದು ಸುಳ್ಳೂ ಅಲ್ಲ ಎಂದು ಬಸವರಾಜ್ ಮೆಲ್ಲಗೆ ಸೂಚಿಸಿದರು. ಹೇಮಾವತಿ ಅದನ್ನೂ ಬರೆದಳು. ಪತ್ರ ಮುಟ್ಟಿದ್ದನ್ನೇ ಕೆಲಸ ಮುಗಿದದ್ದೆಂದು ತಿಳಿದು 'ವರ್ಗಾವಣೆ ಪೂರ್ಣ' ಎಂದು ಬರೆದವಳು ತಾನು, ಬೀಗ ಕಂಡ ಮೇಲೆ ಅರ್ಧ ಗಂಟೆ ಯಾರಿಗೂ ತಿಳಿಸದೆ ಇದ್ದವಳೂ ತಾನೇ ಎಂದೂ ಬರೆದಳು. ಜಂಬವ್ವ ತನ್ನ ಕೈಗಳ ಬಗ್ಗೆ ಹೇಳಿದ ಮಾತನ್ನು ಬರೆಯಬೇಕೋ ಬೇಡವೋ ಎಂದು ಇಡೀ ಮಧ್ಯಾಹ್ನ ಪೆನ್ನು ಹಿಡಿದು ಕೂತಳು. ಬರೆದರೆ ಅವಳ ವಿರುದ್ಧ ಓದುವವರು ಇದ್ದರು. ಬಿಟ್ಟರೆ ಅಷ್ಟು ಹೊತ್ತು ಕೋಣೆಯೊಳಗೆ ಏನು ನಡೆಯಿತು ಎಂಬುದೇ ಕಾಗದದಲ್ಲಿ ಇಲ್ಲವಾಗುತ್ತಿತ್ತು. ಬರೆದಳು.

ಸಮಿತಿಯ ಮುಂದೆ ಆ ಸಾಲನ್ನು ಸದಸ್ಯರೊಬ್ಬರು ಗಟ್ಟಿಯಾಗಿ ಓದಿದಾಗ ಜಂಬವ್ವ ಅಲ್ಲೇ ಕೂತಿದ್ದಳು. ತಲೆ ತಗ್ಗಿಸಿದಳು, ಎತ್ತಲಿಲ್ಲ. ತನ್ನ ಕೈಯನ್ನೇ ನಂಬದ ತಾಯಿಗೆ ಕೂಸನ್ನು ಹೇಗೆ ಕೊಡುವುದು ಎಂದು ಅವರು ಕೇಳಿದರು. ಆಗ ಮನೋಹರ್ ಎದ್ದು ನಿಂತ. ನಂಬಿಕೆ ಹೋದ ಗಳಿಗೆಯಲ್ಲೇ ಅದನ್ನು ತಾನೇ ಅರಿತು, ಮೂರು ಗಂಟೆ ಕೂಸು ಅಳುತ್ತಿದ್ದರೂ ಮುಟ್ಟದೆ ಕಾದವಳು ಈಕೆ, ಗುಳಿಗೆಗಾಗಿ ತಾನೇ ಬಸ್ಸು ಹತ್ತಿದವಳೂ ಈಕೆ, ಇಂಥ ತಾಯಿಗೆ ಕೊಡದೆ ಇನ್ಯಾರಿಗೆ ಕೊಡುತ್ತೀರಿ ಎಂದ. ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಕೊನೆಗೆ, ಎರಡು ತಿಂಗಳು ಕೂಸು ಶಿಶುಗೃಹದಲ್ಲಿರಲಿ, ಆಮೇಲೆ ಚಿಗವ್ವನ ಮನೆಗೆ ಹೋಗಲಿ ಎಂದು ತೀರ್ಮಾನವಾಯಿತು. ಹೇಮಾವತಿಗೆ ಲಿಖಿತ ಎಚ್ಚರಿಕೆ ಬಂತು. ಕೇಸನ್ನು ಅವಳಿಂದ ತೆಗೆದು ಮನೋಹರ್‌ಗೆ ಕೊಟ್ಟರು.

ಎರಡು ತಿಂಗಳ ನಂತರ ಕೂಸು ಮನೆಗೆ ಹೋದ ದಿನ ಮನೋಹರ್ ಪತ್ರ ಕಳಿಸಲಿಲ್ಲ. ಸಂಡೂರಿನಿಂದ ತಿಪ್ಪಕ್ಕನನ್ನು ಕರೆಸಿದ. ಅಷ್ಟರಲ್ಲಿ ಆ ಓಣಿಗೆ ನೇಮಕವಾಗಿದ್ದ ಹೊಸ ಆಶಾಳನ್ನೂ ಉಚ್ಚಂಗೆಮ್ಮನ ಮನೆಗೇ ಬರಹೇಳಿದ. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ. ಜಂಬವ್ವನಿಗೆ ನಿದ್ದೆ ಕೆಟ್ಟರೆ ಮೊದಲು ಕಾಣುವ ಗುರುತು ಯಾವುದು, ಯಾವ ಮಾತಿಗೆ ಅವಳು ಅಂಜುತ್ತಾಳೆ ಎಂದು ತಿಪ್ಪಕ್ಕ ಒಂದೊಂದಾಗಿ ಹೇಳಿದಳು. ಹೊಸಬಳು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಇದನ್ನೆಲ್ಲ ತಿಪ್ಪಕ್ಕನೇ ಆಮೇಲೆ ಹೇಮಾವತಿಗೆ ಹೇಳಿದ್ದು. ಅಂದಿನಿಂದ 'ಹೆಗಲು' ಸಂಸ್ಥೆಯಲ್ಲೂ ಯಾವ ಕೇಸೂ ಬರೀ ಪತ್ರದ ಮೇಲೆ ಕೈ ಬದಲಾಗಲಿಲ್ಲ. ಒಪ್ಪಿಸುವವರು, ಒಪ್ಪಿಕೊಳ್ಳುವವರು ಇಬ್ಬರೂ ಆ ಮನೆಯಲ್ಲೇ ಮುಖಾಮುಖಿ ಕೂರಬೇಕು ಎಂದು ಬಸವರಾಜ್ ಕಟ್ಟುನಿಟ್ಟು ಮಾಡಿದರು.

ಹೇಮಾವತಿ ಕೆಲಸ ಬಿಡುವ ಯೋಚನೆ ಮಾಡಿದ್ದಳು. ಬಿಡಲಿಲ್ಲ. ಅವಳಿಗೆ ಮರಿಯಮ್ಮನಹಳ್ಳಿ ಕಡೆಯ ಊರುಗಳನ್ನು ಕೊಟ್ಟರು. ಈಗ ಅವಳು ಮೊದಲಿಗಿಂತ ಹೆಚ್ಚು ಅಂಜುತ್ತಾಳೆ, ಆದರೆ ಒಬ್ಬಳೇ ಅಂಜುವುದಿಲ್ಲ. ಸಂಶಯ ಬಂದ ಕೂಡಲೇ ಯಾರಿಗಾದರೂ ಫೋನು ಹಚ್ಚುತ್ತಾಳೆ. ಎಷ್ಟೋ ಸಲ ಅದು ಮನೋಹರ್‌ಗೆ.

ಕೂಸಿಗೆ ಒಂದು ವರ್ಷ ತುಂಬಿದ ಮೇಲೆ ಬೇರೆ ಕೆಲಸಕ್ಕೆ ಕಂಪ್ಲಿಗೆ ಹೋದವಳು ಉಚ್ಚಂಗೆಮ್ಮನ ಮನೆಯ ಮುಂದೆ ನಿಂತಳು. ಕೂಸು ಗೋಡೆ ಹಿಡಿದು ಹೆಜ್ಜೆ ಹಾಕುತ್ತಿತ್ತು. ಜಂಬವ್ವ ಮೈತುಂಬಿಕೊಂಡಿದ್ದಳು. ಗುಳಿಗೆ ಅರ್ಧಕ್ಕೆ ಇಳಿಸಿದ್ದಾರೆ, ಓಣಿಯ ಹೆಂಗಸರ ಜೊತೆ ತಾನೂ ನಾಟಿಗೆ ಹೋಗುತ್ತೇನೆ ಎಂದಳು. ಬರ್ರಿ ಅಕ್ಕಾರ, ಕುಂದ್ರಿ ಎಂದು ಚಾಪೆ ಹಾಸಿದಳು. ಹಿಂದೆ ಹೇಮಕ್ಕ ಎನ್ನುತ್ತಿದ್ದವಳು ಈಗ ಅಕ್ಕಾರ ಎಂದದ್ದನ್ನು ಹೇಮಾವತಿ ಗಮನಿಸಿದಳು. ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದು ಕೇಳಿದಳು. ಜಂಬವ್ವ, ತಾನು ಹೇಳಿದ್ದು ಯಾವ ವರದಿಯಲ್ಲಿ ಹೋಗಿ ಕೂರುತ್ತದೆ ಎಂದು ಅಳೆಯುವವಳಂತೆ ಹೇಮಾವತಿಯ ಫೈಲಿನ ಚೀಲವನ್ನು ನೋಡಿದಳು.

"ಚಲೋ ಬರತೈತ್ರಿ" ಎಂದಳು.

ಹೇಮಾವತಿ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ಕೂಸು ಬಂದು ಅವಳ ಮೊಣಕಾಲು ಹಿಡಿದು ನಿಂತಿತು. ಎತ್ತಿಕೊಳ್ಳಲೇ ಎಂದು ಅವಳು ತಾಯಿಯ ಮುಖ ನೋಡಿದಳು. ಜಂಬವ್ವ ಒಂದು ಗಳಿಗೆ ಬಿಟ್ಟು ಹೂಂ ಎಂದಳು.